ಚೆಂಡಿನದೇನೂ ತಪ್ಪಿಲ್ಲ, ಎಣ್ಣೆ ನೋಡಿ

ಚೆನ್ನೈಗೆ ಬಂದು ಆರು ವರ್ಷವಾಯಿತು. ಊರು ದಾವಣಗೆರೆ. ಒರಗಡಂ ಕಡೆಯ ವಾಹನ ಕಂಪನಿಯೊಂದರ ಬ್ರೇಕ್ ಪರೀಕ್ಷಾ ವಿಭಾಗದಲ್ಲಿ ಕೆಲಸ. ವಾರವಿಡೀ ಟ್ರ್ಯಾಕ್ ಮೇಲೆ ಗಾಡಿ ಓಡಿಸುವುದು, ನಿಲ್ಲಿಸುವುದು, ನಿಂತ ದೂರ ಅಳೆದು ಬರೆಯುವುದು. ಭಾನುವಾರಕ್ಕಾದರೂ ಬೇರೇನಾದರೂ ಬೇಕು ಅನ್ನಿಸಿ ಸಹೋದ್ಯೋಗಿಗಳ ಜೊತೆ ಮಾಲ್ ಒಂದರ ಬೌಲಿಂಗ್ ಕೇಂದ್ರಕ್ಕೆ ಹೋದವನು ಅಲ್ಲೇ ಅಂಟಿಕೊಂಡೆ. ಕ್ರಿಕೆಟ್ ಬೌಲಿಂಗ್ ಅಲ್ಲ. 60 ಅಡಿ ದೂರದಲ್ಲಿ ತ್ರಿಕೋನವಾಗಿ ನಿಂತ 10 ಪಿನ್‌ಗಳನ್ನು ಭಾರದ ಚೆಂಡು ಉರುಳಿಸಿ ಬೀಳಿಸುವ ಟೆನ್‌ಪಿನ್ ಬೌಲಿಂಗ್.

ಮೊದಲ ಎರಡು ವರ್ಷ ಕೇಂದ್ರದಲ್ಲಿ ಕೊಡುವ ಚೆಂಡಿನಲ್ಲೇ ಆಡಿದೆ. ಆಮೇಲೆ ಬೋನಸ್ ಬಂದಾಗ ಧೈರ್ಯ ಮಾಡಿ ಸ್ವಂತ ಚೆಂಡು ಕೊಂಡೆ. ಬೆರಳಿನ ಅಳತೆಗೆ ಸರಿಯಾಗಿ ರಂಧ್ರ ಕೊರೆಸಿದ, ಕನ್ನಡಿಯಂತೆ ಹೊಳೆಯುವ 14 ಪೌಂಡಿನ ಚೆಂಡು. ಅಮ್ಮ ಫೋನಿನಲ್ಲಿ ಬೆಲೆ ಕೇಳಿದಾಗ ಅರ್ಧದಷ್ಟು ಹೇಳಿದೆ. ಆ ಅರ್ಧಕ್ಕೇ, "ಉರುಳಿಸೋ ಚೆಂಡಿಗೆ ಅಷ್ಟೊಂದಾ?" ಅಂದಳು.

ನಮ್ಮ ಮಾಲಿನಲ್ಲಿ ಆ ಚೆಂಡು ಹೇಳಿದ ಹಾಗೆ ಕೇಳುತ್ತಿತ್ತು. 300ರ ಆಟದಲ್ಲಿ ನಾನು 180, 190 ಮುಟ್ಟತೊಡಗಿದೆ. ಕಂಪನಿಗಳ ನಡುವಿನ ಪಂದ್ಯಾವಳಿಗೆ ನಮ್ಮ ತಂಡದಲ್ಲಿ ಮೊದಲ ಹೆಸರು ನನ್ನದೇ ಆಯಿತು. ಪಂದ್ಯ ನಡೆದದ್ದು ನಗರದ ಇನ್ನೊಂದು ತುದಿಯ ಬೇರೆ ಕೇಂದ್ರದಲ್ಲಿ. ಅದೇ ಚೆಂಡು, ಅದೇ ಕೈ, ಅದೇ ಹೆಜ್ಜೆ. ಮೊದಲ ಎಸೆತ ತಿರುಗಲೇ ಇಲ್ಲ. ಮುಂದಿನ ಪಿನ್ನಿನ ಬಲಕ್ಕೆ ನೇರವಾಗಿ ಜಾರಿಹೋಗಿ ಮೂರು ಪಿನ್ ಬೀಳಿಸಿತು. ಸಿಟ್ಟಿನಲ್ಲಿ ಇನ್ನೂ ಜೋರಾಗಿ ಎಸೆದೆ. ಇನ್ನೂ ನೇರ ಹೋಯಿತು. ಆ ಆಟದಲ್ಲಿ ನನ್ನ ಅಂಕ 121. ತಂಡ ಸೋತಿತು. ಯಾರೂ ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಮಾತ್ರ ಬೇಕೆಂದೇ ಸಿನಿಮಾದ ಮಾತಾಡಿದರು.

ಮುಂದಿನ ಭಾನುವಾರ ನಮ್ಮ ಕೇಂದ್ರದ ಲೇನ್ ಮೆಕ್ಯಾನಿಕ್ ಹತ್ತಿರ, "ಈ ಚೆಂಡು ಮಾರಿಬಿಡ್ತೀನಿ, ಯಾರಿಗಾದರೂ ಬೇಕಾ ಕೇಳಿ ಅಣ್ಣಾ" ಎಂದೆ. ಐವತ್ತು ದಾಟಿದ ಆತ ಚೆಂಡನ್ನು ಕೈಗೆ ತೆಗೆದುಕೊಂಡು ಅಂಗೈಯಿಂದ ಒಮ್ಮೆ ಸವರಿ ವಾಪಸ್ ಕೊಟ್ಟರು. "ಬಾಲ್ ಮೇಲ ತಪ್ಪು ಇಲ್ಲ ಸಾರ್. ಎಣ್ಣೈಯ ಪಾರುಂಗ" ಅಂದರು. ಚೆಂಡಿನದೇನೂ ತಪ್ಪಿಲ್ಲ, ಎಣ್ಣೆ ನೋಡಿ.

ನನಗೆ ನಾಚಿಕೆಯಾಯಿತು. ಯಾಕೆಂದರೆ ನನ್ನ ಹೊಟ್ಟೆಪಾಡೇ ಅದು. ಒಣಗಿದ ಡಾಂಬರು ರಸ್ತೆಯಲ್ಲಿ ಟಯರಿನ ಘರ್ಷಣೆಯ ಪ್ರಮಾಣ 0.8ರ ಆಸುಪಾಸು ಇರುತ್ತದೆ. ನೀರು ಹರಿಸಿದ ನುಣುಪು ಟೈಲ್ಸ್ ಮೇಲೆ 0.3ಕ್ಕಿಂತ ಕೆಳಗಿಳಿಯುತ್ತದೆ. ಒಂದೇ ಗಾಡಿಯನ್ನು ಎರಡರ ಮೇಲೂ ಓಡಿಸದೆ, ಎಡಚಕ್ರ ಒಂದರ ಮೇಲೆ, ಬಲಚಕ್ರ ಇನ್ನೊಂದರ ಮೇಲೆ ಇಟ್ಟು ನೋಡದೆ, "ಈ ಬ್ರೇಕ್ ಸರಿಯಿಲ್ಲ" ಎಂದು ನಮ್ಮಲ್ಲಿ ಯಾರೂ ಸಹಿ ಹಾಕುವುದಿಲ್ಲ. ಹಾಗಿದ್ದೂ ನಾನು ನೆಲವನ್ನು ನೋಡದೆ ಚೆಂಡಿಗೆ ತೀರ್ಪು ಕೊಟ್ಟಿದ್ದೆ.

ಕಾಣದ ಎಣ್ಣೆಯ ನಕ್ಷೆ

ಲೇನ್ ನೋಡಿದರೆ ಎಲ್ಲೆಡೆ ಒಂದೇ ಹೊಳಪು. ಆದರೆ ಅದರ ಮೇಲೆ ಖನಿಜ ತೈಲದ ತೆಳುವಾದ ಪದರ ಇರುತ್ತದೆ. ಒಂದು ಲೇನಿಗೆ ಸುಮಾರು 20ರಿಂದ 30 ಮಿಲಿಲೀಟರ್, ಅಂದರೆ ಒಂದು ಸಣ್ಣ ಕಾಫಿ ಲೋಟದ ತಳ ಮುಚ್ಚುವಷ್ಟು. ಹಿಂದೆ ಲೇನ್‌ಗಳು ಮೇಪಲ್ ಮತ್ತು ಪೈನ್ ಮರದವು. ಚೆಂಡು ಬಿದ್ದು ಜಾರುವ ಮುಂಭಾಗದ ಮರ ಸವೆಯದಿರಲೆಂದು ಎಣ್ಣೆ ಹಚ್ಚುತ್ತಿದ್ದರು. ಈಗ ಬಹುತೇಕ ಕಡೆ ಸಿಂಥೆಟಿಕ್ ಲೇನ್ ಬಂದಿದೆ. ಎಣ್ಣೆ ಮಾತ್ರ ಉಳಿದುಕೊಂಡು ಆಟದ ಅರ್ಧ ಲೆಕ್ಕವೇ ಆಗಿಬಿಟ್ಟಿದೆ.

ಲೇನಿನ ಅಗಲ 41.5 ಇಂಚು. ಅದನ್ನು 39 ಉದ್ದನೆಯ ಪಟ್ಟಿಗಳಾಗಿ ಎಣಿಸುತ್ತಾರೆ. ಇವಕ್ಕೆ ಬೋರ್ಡ್ ಎನ್ನುತ್ತಾರೆ. ಬಲಗೈ ಆಟಗಾರ ಬಲಗಡೆಯ ಗಟರ್‌ನಿಂದ ಎಣಿಸುತ್ತಾನೆ. ಪ್ರತಿ ಐದನೇ ಬೋರ್ಡಿಗೆ ಒಂದರಂತೆ ಲೇನ್ ಮೇಲೆ ಏಳು ಬಾಣದ ಗುರುತುಗಳಿವೆ. ಪಿನ್ ನೋಡಿ ಎಸೆಯುವವರು ಹೊಸಬರು, ಪಳಗಿದವರು ಬಾಣ ನೋಡಿ ಎಸೆಯುತ್ತಾರೆ.

ಎಣ್ಣೆಯನ್ನು ಯಂತ್ರ ಹಚ್ಚುತ್ತದೆ, ಅದೂ ಒಂದು ನಕ್ಷೆಯ ಪ್ರಕಾರ. ಮಾಲ್‌ಗಳಲ್ಲಿ ಸಾಮಾನ್ಯವಾಗಿ ಹಾಕುವ ನಕ್ಷೆಯನ್ನು 'ಹೌಸ್ ಶಾಟ್' ಎನ್ನುತ್ತಾರೆ. ಉದ್ದ ಸುಮಾರು 40 ಅಡಿ, ಕೊನೆಯ 20 ಅಡಿ ಒಣ. ಅಗಲದಲ್ಲಿ ನಡುವೆ ದಪ್ಪ, ಅಂಚಿನಲ್ಲಿ ತೆಳು. ನಡುವಿನ ಎಣ್ಣೆ ಅಂಚಿಗಿಂತ ಹತ್ತು ಪಟ್ಟು ಇದ್ದರೂ ಆಶ್ಚರ್ಯವಿಲ್ಲ. ಸ್ಪರ್ಧೆಗೆ ಹಾಕುವ ನಕ್ಷೆಗಳಲ್ಲಿ ಈ ವ್ಯತ್ಯಾಸ ಸಾಮಾನ್ಯವಾಗಿ ಮೂರು ಪಟ್ಟಿನ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಉದ್ದವೂ ಒಂದೇ ಇರುವುದಿಲ್ಲ. 35 ಅಡಿಯ ಒಳಗಿನವು ಗಿಡ್ಡ, 42 ದಾಟಿದವು ಉದ್ದ. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ಇವಕ್ಕೆ ಪ್ರಾಣಿಗಳ ಹೆಸರು. ಚೀತಾ, ತೋಳ ಗಿಡ್ಡ ನಕ್ಷೆಗಳಾದರೆ ಶಾರ್ಕ್ ಉದ್ದದ್ದು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನಗರಗಳ ಹೆಸರಿನ ನಕ್ಷೆಗಳಿವೆ.

ಎಣ್ಣೆಯ ಮೇಲೆ ಚೆಂಡಿಗೆ ಸಿಗುವ ಘರ್ಷಣೆ ಸುಮಾರು 0.04. ಒಣ ಭಾಗದಲ್ಲಿ 0.2ರಷ್ಟು, ಅಂದರೆ ಐದು ಪಟ್ಟು. ಹಾಗಾಗಿ ಪಕ್ಕಕ್ಕೆ ತಿರುಚಿ ಬಿಟ್ಟ ಚೆಂಡು ಎಣ್ಣೆಯಲ್ಲಿ ಮೊದಲು ಜಾರುತ್ತದೆ, ಒಣ ಜಾಗ ಸಿಕ್ಕಾಗ ಹಿಡಿತ ಬಂದು ತಿರುಗುತ್ತದೆ, ಕೊನೆಗೆ ಉರುಳುತ್ತದೆ. ಗಂಟೆಗೆ 27 ಕಿ.ಮೀ. ವೇಗದಲ್ಲಿ ಬಿಟ್ಟರೆ ಈ ಮೂರೂ ಹಂತ ಮುಗಿಯಲು ಸುಮಾರು ಎರಡೂವರೆ ಸೆಕೆಂಡು ಸಾಕು.

ಅಮ್ಮನಿಗೆ ಇದನ್ನು ವಿವರಿಸಲು ಹೋದಾಗ ಅವಳೇ ಸುಲಭ ಮಾಡಿದಳು. "ಕಾವಲಿಗೆ ಎಣ್ಣೆ ಜಾಸ್ತಿ ಆದ್ರೆ ಹಿಟ್ಟು ಹರಡೋದೇ ಇಲ್ಲ, ಸೌಟಿನ ಹಿಂದೇನೇ ಜಾರಿಕೊಂಡು ಬರುತ್ತೆ. ಒಣಗಿದ್ರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಅದಕ್ಕೆ ಹಿಟ್ಟಿಗೆ ಬೈದರೆ ಆಗುತ್ತಾ?" ದಾವಣಗೆರೆಯವಳಿಗೆ ದೋಸೆಯ ವಿಷಯದಲ್ಲಿ ಎದುರಾಡುವುದುಂಟೆ?

ಮೂರು ಭಾನುವಾರದ ಪರೀಕ್ಷೆ

ಚೆಂಡು ಮಾರುವ ಮೊದಲು ಆಫೀಸಿನ ಶಿಸ್ತಿನಲ್ಲೇ ಅದನ್ನು ಒಮ್ಮೆ ಪರೀಕ್ಷಿಸೋಣ ಎಂದುಕೊಂಡೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಕಾಲಂ ಮಾಡಿದೆ: ನಕ್ಷೆಯ ಉದ್ದ, ಎಣ್ಣೆ ಹೊಸದೋ ಎಷ್ಟು ಆಟ ಹಳೆಯದೋ, ಚೆಂಡಿನ ಮೈ ಹೊಳಪೋ ಒರಟೋ, ಯಾವ ಬೋರ್ಡಿನ ಮೇಲೆ ದಾಟಿತು, ಎಲ್ಲಿ ತಿರುಗಿತು, ಪಿನ್‌ಗೆ ಎಲ್ಲಿ ಬಡಿಯಿತು, ಯಾವ ಪಿನ್ ಉಳಿಯಿತು. ಪ್ರತಿ ಸ್ಥಿತಿಗೆ ಆರು ಎಸೆತ. ಫೋನನ್ನು ಹಿಂದೆ ಸ್ಟ್ಯಾಂಡಿನ ಮೇಲಿಟ್ಟು ನಿಧಾನಗತಿಯ ವಿಡಿಯೊ. ಒಂದು ಸಲಕ್ಕೆ ಒಂದೇ ಬದಲಾವಣೆ. ಚೆಂಡು, ನಿಲ್ಲುವ ಜಾಗ, ವೇಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಪ್ರತಿ ಎಸೆತದ ನಂತರ ಚೆಂಡನ್ನು ಟವೆಲ್ಲಿನಿಂದ ಒರೆಸುವುದೂ ಪರೀಕ್ಷೆಯ ಭಾಗವೇ. ಹಿಂದಿನ ಎಸೆತದ ಎಣ್ಣೆ ಮೈಮೇಲಿದ್ದರೆ ಮುಂದಿನದರ ಲೆಕ್ಕ ತಪ್ಪುತ್ತದೆ.

ಮೊದಲ ಭಾನುವಾರ ನಮ್ಮ ಕೇಂದ್ರದ ಮಾಮೂಲಿ 40 ಅಡಿ ನಕ್ಷೆ. ಬಲದಿಂದ ಎರಡನೇ ಬಾಣಕ್ಕೆ, ಅಂದರೆ 10ನೇ ಬೋರ್ಡಿಗೆ ಗುರಿ. ಆರರಲ್ಲಿ ಐದು ಪಾಕೆಟ್‌ಗೆ ಬಿದ್ದವು. ಪಾಕೆಟ್ ಎಂದರೆ ಬಲಗೈಯವನಿಗೆ ಮೊದಲ ಮತ್ತು ಮೂರನೇ ಪಿನ್ನಿನ ನಡುವಿನ ಜಾಗ. ಖುಷಿಯಾಗಿ ವಿಡಿಯೊ ನೋಡಿದರೆ, ಆ ಐದರಲ್ಲಿ ಎರಡು ಎಸೆತಗಳಲ್ಲಿ ನನ್ನ ಗುರಿಯೇ ತಪ್ಪಿತ್ತು! ಬಲಕ್ಕೆ ತಪ್ಪಿದ್ದು ಅಂಚಿನ ಒಣ ಜಾಗ ಸಿಕ್ಕಿ ಬೇಗ ತಿರುಗಿ ವಾಪಸ್ ಬಂದಿತ್ತು. ಎಡಕ್ಕೆ ತಪ್ಪಿದ್ದು ನಡುವಿನ ದಪ್ಪ ಎಣ್ಣೆಯಲ್ಲಿ ಜಾರಿ ತಿರುವು ಕಡಿಮೆಯಾಗಿ ಅಲ್ಲಿಗೇ ತಲುಪಿತ್ತು. ಆ ನಕ್ಷೆ ಇರುವುದೇ ಹಾಗೆ, ಹವ್ಯಾಸಿಗಳ ತಪ್ಪು ಮುಚ್ಚಿಕೊಳ್ಳಲು. ನನ್ನ 190ರಲ್ಲಿ ಲೇನಿನ ಪಾಲೂ ಇತ್ತು ಎಂಬುದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಸಿಕ್ಕಿತು.

ಎರಡನೇ ಭಾನುವಾರ ಮೆಕ್ಯಾನಿಕ್ ಅಣ್ಣ ಮ್ಯಾನೇಜರ್ ಒಪ್ಪಿಗೆ ಪಡೆದು, ಬಾಗಿಲು ತೆರೆಯುವ ಮೊದಲು ಮೂಲೆಯ ಒಂದು ಲೇನಿಗೆ 45 ಅಡಿಯ ನಕ್ಷೆ ಹಾಕಿಕೊಟ್ಟರು. ಪಂದ್ಯದ ದಿನದ ಕಥೆ ಕಣ್ಣೆದುರೇ ಮರುಕಳಿಸಿತು. ಹೊಳೆಯುವ ಚೆಂಡು ಆರೂ ಸಲ ಜಾರಿಕೊಂಡೇ ಹೋಯಿತು, ಪಾಕೆಟ್‌ಗೆ ಒಂದೂ ಬೀಳಲಿಲ್ಲ. ಜೋರಾಗಿ ಎಸೆದದ್ದು ಯಾಕೆ ತಪ್ಪಾಯಿತೆಂದೂ ಆಗ ಹೊಳೆಯಿತು. ವೇಗ ಹೆಚ್ಚಿದರೆ ಒಣ ಭಾಗದಲ್ಲಿ ಚೆಂಡು ಇರುವ ಹೊತ್ತು ಕಡಿಮೆಯಾಗುತ್ತದೆ, ಹಿಡಿತಕ್ಕೆ ಸಮಯವೇ ಸಿಗುವುದಿಲ್ಲ. ಆಮೇಲೆ ಒಂದೇ ಬದಲಾವಣೆ ಮಾಡಿದೆವು. 2000 ನಂಬರಿನ ಅಬ್ರಾಲಾನ್ ಪ್ಯಾಡಿನಿಂದ ಚೆಂಡಿನ ಮೈ ಉಜ್ಜಿ ಹೊಳಪು ತೆಗೆದೆವು. ಅದೇ ಗುರಿ, ಅದೇ ವೇಗ. ಆರರಲ್ಲಿ ಮೂರು ಪಾಕೆಟ್‌ಗೆ ಬಿದ್ದವು. ಉಜ್ಜುವಾಗ ನನ್ನ ಹೊಟ್ಟೆ ಉರಿದದ್ದು ನಿಜ. ಕೊಟ್ಟ ದುಡ್ಡಿನ ಹೊಳಪೆಲ್ಲ ಪ್ಯಾಡಿಗೆ ಅಂಟಿಕೊಂಡಿತ್ತು. "ಪಾಲಿಶ್ ಮತ್ತೆ ಮಾಡಬಹುದು ಸಾರ್" ಎಂದು ಅಣ್ಣ ನಕ್ಕರು. (ಸ್ಪರ್ಧೆಯಲ್ಲಿ ಆಟದ ಮಧ್ಯೆ ಹೀಗೆ ಉಜ್ಜುವಂತಿಲ್ಲ, ಮೊದಲೇ ಮಾಡಿಕೊಂಡು ಬರಬೇಕು.)

ಗುರಿ ಎಲ್ಲಿಡಬೇಕು ಎಂಬುದಕ್ಕೆ ಅವರು ಒಂದು ಬಾಯಿಲೆಕ್ಕ ಕೊಟ್ಟರು. ಬೌಲಿಂಗ್ ಬಲ್ಲವರೆಲ್ಲ ಬಳಸುವ '31ರ ಸೂತ್ರ' ಅದು. ಎಣ್ಣೆಯ ಉದ್ದದಿಂದ 31 ಕಳೆಯಿರಿ, ಚೆಂಡು ತಿರುಗಬೇಕಾದ ಬೋರ್ಡ್ ಸಿಗುತ್ತದೆ. 40 ಅಡಿಗೆ 9ನೇ ಬೋರ್ಡ್. 45 ಅಡಿಗೆ 14ನೆಯದು, ಅಂದರೆ ಒಳಗೆ ಸರಿದು ಆಡಬೇಕು. ಪಂದ್ಯದ ದಿನ ನಾನು ಕಣ್ಣುಮುಚ್ಚಿ ಮನೆಯ 9ನೇ ಬೋರ್ಡಿಗೇ ಕಳಿಸುತ್ತಿದ್ದೆ. ಸೂತ್ರ ಅಂದಾಜಿನದು, ನಿಖರವಲ್ಲ. ಆದರೆ ಮೊದಲ ಎಸೆತಕ್ಕೆ ಒಂದು ದಾರಿ ಸಿಗುತ್ತದೆ.

ಮೂರನೇ ಭಾನುವಾರ 34 ಅಡಿಯ ಗಿಡ್ಡ ನಕ್ಷೆ. ಸೂತ್ರದ ಪ್ರಕಾರ 3ನೇ ಬೋರ್ಡ್, ಗಟರ್‌ನ ಅಂಚು. ಉಜ್ಜಿದ ಚೆಂಡು ಇಲ್ಲಿ ಹುಚ್ಚುಕುದುರೆ. ಬೇಗನೆ ಹಿಡಿತ ಸಿಕ್ಕಿ ಎಡಕ್ಕೆ ನುಗ್ಗಿ ಮೊದಲ ಪಿನ್ನಿನ ಮೂಗಿಗೇ ಬಡಿಯಿತು. ಮತ್ತೆ ಪಾಲಿಶ್ ಮಾಡಿ ಎಸೆದಾಗ ಸ್ವಲ್ಪ ಸುಧಾರಿಸಿತು. ಪಕ್ಕದ ಲೇನಿನ ಗೆಳೆಯನ ಹಳೆಯ ಯುರೆಥೇನ್ ಚೆಂಡು ಕೇಳಿ ಪಡೆದು ಎಸೆದೆ. ಅದು ರಿಯಾಕ್ಟಿವ್ ರೆಸಿನ್ ಮೈಯ ನನ್ನ ಚೆಂಡಿನಂತೆ ಥಟ್ಟನೆ ತಿರುಗದೆ ನಿಧಾನವಾಗಿ ಬಾಗಿ ಆರರಲ್ಲಿ ನಾಲ್ಕು ಸಲ ಪಾಕೆಟ್ ಸೇರಿತು. ನನ್ನದರ ಅರ್ಧ ಬೆಲೆಯೂ ಇಲ್ಲದ ಚೆಂಡದು.

ಪಿನ್ ಹೇಳುವ ಸುದ್ದಿ

ಪಾಕೆಟ್‌ಗೆ ಬಿದ್ದ ಮಾತ್ರಕ್ಕೆ ಹತ್ತೂ ಪಿನ್ ಬೀಳುವುದಿಲ್ಲ. ಒಳ್ಳೆಯ ಸ್ಟ್ರೈಕ್‌ನಲ್ಲಿ ಚೆಂಡು ಮುಟ್ಟುವುದು ಬರೀ ನಾಲ್ಕು ಪಿನ್: 1, 3, 5, 9. ಉಳಿದ ಆರನ್ನು ಪಿನ್‌ಗಳೇ ಬೀಳಿಸುತ್ತವೆ. ಅದಕ್ಕೆ ಚೆಂಡು ಒಳನುಗ್ಗುವ ಕೋನ ಮುಖ್ಯ. 4ರಿಂದ 6 ಡಿಗ್ರಿ ಇದ್ದರೆ ಸ್ಟ್ರೈಕ್‌ನ ಸಾಧ್ಯತೆ ಹೆಚ್ಚು. ಗಟರ್ ಅಂಚಿನಿಂದ ಪಾಕೆಟ್‌ಗೆ ನೇರಗೆರೆ ಎಳೆದು ಲೆಕ್ಕ ಹಾಕಿದೆ. 60 ಅಡಿಯಲ್ಲಿ ಸುಮಾರು 17 ಇಂಚು ಪಕ್ಕಕ್ಕೆ, ಒಂದೂವರೆ ಡಿಗ್ರಿಯೂ ಬರುವುದಿಲ್ಲ. ನೇರ ಎಸೆಯುವವನು ಎಷ್ಟೇ ಗುರಿಕಾರನಾದರೂ ಸ್ಟ್ರೈಕ್ ಕಡಿಮೆ ಯಾಕೆಂಬುದಕ್ಕೆ ಇದೇ ಉತ್ತರ. ತಿರುವು ಬೇಕೇ ಬೇಕು, ಆದರೆ ಸರಿಯಾದ ಜಾಗದಲ್ಲಿ. ತೀರಾ ಬೇಗ ತಿರುಗಿದ ಚೆಂಡು ಪಿನ್ ಮುಟ್ಟುವಷ್ಟರಲ್ಲಿ ಶಕ್ತಿ ಕಳೆದುಕೊಂಡಿರುತ್ತದೆ. ಬಲಮೂಲೆಯ 10ನೇ ಪಿನ್ ಪದೇಪದೇ ನಿಂತೇ ಉಳಿದರೆ ಇದನ್ನೂ ಅನುಮಾನಿಸಬೇಕು. ನಾನಾದರೋ ಅಷ್ಟು ದಿನ ಅದನ್ನು ನತದೃಷ್ಟ ಎಂದುಕೊಂಡಿದ್ದೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಲೇನ್ ಇದ್ದ ಹಾಗೆ ಇರುವುದಿಲ್ಲ. ರಿಯಾಕ್ಟಿವ್ ಚೆಂಡುಗಳು ಎಣ್ಣೆ ಹೀರುತ್ತವೆ. ನಾಲ್ಕು ಜನ ಒಂದೇ ದಾರಿಯಲ್ಲಿ ಎರಡು ಆಟ ಆಡಿದರೆ ಆ ದಾರಿ ಒಣಗಿ, ಮೊದಲ ಆಟದಲ್ಲಿ ಸರಿಯಾಗಿದ್ದ ಗುರಿ ಮೂರನೆಯದರಲ್ಲಿ ಕೈಕೊಡುತ್ತದೆ. ಚೆಂಡಿಗೆ ಅಂಟಿದ ಸ್ವಲ್ಪ ಎಣ್ಣೆ ಮುಂದಿನ ಒಣ ಭಾಗಕ್ಕೂ ಸಾಗುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಎಣ್ಣೆಯ ವಯಸ್ಸು ಬರೆಯದಿದ್ದರೆ ಉಳಿದ ಯಾವ ಕಾಲಮ್ಮಿಗೂ ಅರ್ಥವಿಲ್ಲ.

ಆಟದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಮರದ ಚೆಂಡು ಹೋಗಿ 1905ರ ಹೊತ್ತಿಗೆ ರಬ್ಬರ್ ಬಂತು. ಆಮೇಲೆ ಪ್ಲಾಸ್ಟಿಕ್, 1980ರ ದಶಕದ ಆರಂಭದಲ್ಲಿ ಯುರೆಥೇನ್, 1990ರ ದಶಕದ ಆರಂಭದಲ್ಲಿ ರಿಯಾಕ್ಟಿವ್ ರೆಸಿನ್. 1973ರಲ್ಲಿ ಅಮೆರಿಕದ ಡಾನ್ ಮೆಕ್ಯೂನ್ ಪ್ಲಾಸ್ಟಿಕ್ ಚೆಂಡನ್ನು ರಾಸಾಯನಿಕದಲ್ಲಿ ನೆನೆಸಿಟ್ಟು ಮೈ ಮೆದು ಮಾಡಿಕೊಂಡರು. ಲೇನ್ ಮೇಲೆ ಅದರ ಹಿಡಿತ ಹೆಚ್ಚಿತು. ಆ ವರ್ಷ ಆರು ಪ್ರಶಸ್ತಿ ಗೆದ್ದು ವರ್ಷದ ಆಟಗಾರರಾದರು. ಮುಂದೆ ಚೆಂಡು ಕನಿಷ್ಠ ಇಷ್ಟು ಗಡಸಾಗಿರಬೇಕು ಎಂಬ ನಿಯಮವೇ ಬಂತು. ಮೆಕ್ಯೂನ್ ತೋಳಿನ ಬಲ ಹೆಚ್ಚಿಸಿಕೊಳ್ಳಲಿಲ್ಲ. ಚೆಂಡಿಗೂ ನೆಲಕ್ಕೂ ನಡುವಿನ ಸಂಬಂಧ ಬದಲಿಸಿದರು.

ನಮ್ಮ ದೇಶದಲ್ಲಿ ಈ ಆಟ ಇನ್ನೂ ಮಾಲ್‌ನ ಮನರಂಜನೆಯೇ. 1978ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಇದ್ದ ಬೌಲಿಂಗ್, 1982ರಲ್ಲಿ ನಮ್ಮದೇ ದೆಹಲಿಗೆ ಬಂದಾಗ ಪಟ್ಟಿಯಲ್ಲಿರಲಿಲ್ಲ. ಆದರೂ ಕರ್ನಾಟಕದ ಆಕಾಶ್ ಅಶೋಕ್ ಕುಮಾರ್, ತಮಿಳುನಾಡಿನ ಶಬ್ಬೀರ್ ಧನ್‌ಕೋಟ್ ಅಂಥವರು ರಾಷ್ಟ್ರೀಯ ಚಾಂಪಿಯನ್ ಆಗಿ ಹೊರದೇಶಗಳ ಲೇನ್‌ಗಳಲ್ಲೂ ಆಡಿದ್ದಾರೆ. ಒಂದೊಂದು ದೇಶದಲ್ಲಿ ಒಂದೊಂದು ನಕ್ಷೆ ಎದುರಿಸುವುದೆಂದರೇನೆಂದು ಈಗ ಸ್ವಲ್ಪವಾದರೂ ಅಂದಾಜಾಗುತ್ತದೆ.

ಕಚೇರಿಯಲ್ಲೊಂದು ವರದಿ

ಅದೇ ತಿಂಗಳು ನನ್ನ ಮೇಜಿನ ಮೇಲೆ ಇನ್ನೊಂದು ಮೌಲ್ಯಮಾಪನ ಕಾದಿತ್ತು. ಪುಣೆಯ ಶಾಖೆಯಿಂದ ವರ್ಗವಾಗಿ ಬಂದ ಗದಗ ಕಡೆಯ ಹುಡುಗ ನನ್ನ ತಂಡದಲ್ಲಿದ್ದ. ಆರು ತಿಂಗಳಾದರೂ ಮೀಟಿಂಗಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಅವನ ವರದಿಗಳೂ ತಡ. ಪುಣೆಯವರು ಬರೆದ ಹಳೆಯ ಟಿಪ್ಪಣಿಯಲ್ಲಿ ಮಾತ್ರ ಹೊಗಳಿಕೆ. 'ನಿರೀಕ್ಷೆಗೆ ತಕ್ಕಂತಿಲ್ಲ' ಎಂಬ ಸಾಲು ಟೈಪ್ ಮಾಡಿಟ್ಟಿದ್ದೆ. ಕಳಿಸುವುದೊಂದೇ ಬಾಕಿ. ಕಳಿಸಿದ್ದರೆ ಅವನ ಕೆಲಸ ಕಾಯಂ ಆಗುವುದು ಒಂದು ವರ್ಷ ಹಿಂದೆ ಬೀಳುತ್ತಿತ್ತು.

ಕಳಿಸಲಿಲ್ಲ. ಊಟಕ್ಕೆ ಕರೆದುಕೊಂಡು ಹೋಗಿ ಕನ್ನಡದಲ್ಲೇ ಕೇಳಿದೆ. "ಸರ್, ಮೀಟಿಂಗ್ ಇಂಗ್ಲಿಷ್‌ನ್ಯಾಗ ಚಾಲೂ ಆಗ್ತದ ರೀ, ಹತ್ತು ನಿಮಿಷಕ್ಕ ತಮಿಳಿಗೆ ಹೊಳ್ಳತದ. ಆಮ್ಯಾಲ ಏನು ಠರಾವಾತು ಅಂತ ನನಗ ತಿಳಿಯಂಗಿಲ್ರಿ. ಕೇಳಾಕ ನಾಚಿಕಿ ಆಗ್ತದ" ಎಂದ. ಆರು ವರ್ಷದ ಹಿಂದೆ ನಾನೂ ಇದನ್ನೇ ಅನುಭವಿಸಿದ್ದೆ, ಮರೆತಿದ್ದೆ. ನನಗೆ ಈಗ ತಮಿಳು ಬರುತ್ತದೆ ಎಂಬ ಕಾರಣಕ್ಕೇ ಮೀಟಿಂಗ್ ಯಾವಾಗ ಭಾಷೆ ಬದಲಿಸುತ್ತದೆಂದು ನನ್ನ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಒಂದೇ ಒಂದು ಬದಲಾವಣೆ ಮಾಡಿದೆ. ಪ್ರತಿ ಮೀಟಿಂಗಿನ ಕೊನೆಯಲ್ಲಿ ತೀರ್ಮಾನಗಳನ್ನು ಇಂಗ್ಲಿಷಿನಲ್ಲಿ ಐದು ಸಾಲು ಬರೆದು ಎಲ್ಲರಿಗೂ ಕಳಿಸುವ ಪದ್ಧತಿ. ಎರಡು ತಿಂಗಳಲ್ಲಿ ಅವನ ವರದಿಗಳು ಸಮಯಕ್ಕೆ ಬರತೊಡಗಿದವು. ಮಾತು ಈಗಲೂ ಕಡಿಮೆಯೇ. ಅದು ಅವನ ಸ್ವಭಾವ ಇರಬೇಕು, ಎಲ್ಲವನ್ನೂ ನೆಲದ ಮೇಲೆ ಹೊರಿಸಲಾಗದು. ಆದರೆ ಯಾವುದು ಅವನದು, ಯಾವುದು ನೆಲದ್ದು ಎಂದು ಬೇರ್ಪಡಿಸಿ ನೋಡಿದ ಮೇಲೆ ಬರೆದ ವರದಿಗೆ ಸಹಿ ಹಾಕುವಾಗ ಕೈ ಅಳುಕಲಿಲ್ಲ. ಅವನ ಕೆಲಸ ಕಾಯಂ ಆಯಿತು.

ಈ ವರ್ಷದ ಪಂದ್ಯಾವಳಿ ಮುಂದಿನ ತಿಂಗಳಿದೆ. ಮತ್ತೆ ಅದೇ ದೂರದ ಕೇಂದ್ರ. ಈ ಸಲ ಒಂದು ದಿನ ಮುಂಚೆ ಹೋಗಿ, ಯಾವ ನಕ್ಷೆ, ಎಷ್ಟು ಉದ್ದ ಎಂದು ಕೇಳಿಕೊಂಡು ಬರಲಿದ್ದೇನೆ. ಚೆಂಡು ಮಾರಲಿಲ್ಲ, ಹೊಳಪಿಲ್ಲದೆ ಚೀಲದಲ್ಲಿ ಕೂತಿದೆ. ತಂಡಕ್ಕೆ ನಾಲ್ಕನೆಯವನಾಗಿ ಗದಗದ ಹುಡುಗ ಸೇರಿದ್ದಾನೆ. ಕೇಂದ್ರದ ಚೆಂಡಿನಲ್ಲಿ ನೇರವಾಗಿಯೇ ಎಸೆಯುತ್ತಾನೆ. "ಅಣ್ಣಾ, ನನಗ ಈ ಎಣ್ಣಿ ಲೆಕ್ಕ ತಿಳಿಯಂಗಿಲ್ಲ" ಎನ್ನುತ್ತಾನೆ. ನೋಟ್‌ಬುಕ್ಕಿನಲ್ಲಿ ಅವನಿಗೂ ಒಂದು ಪುಟ ತೆಗೆದಿದ್ದೇನೆ.